ತಾರೀಖಿಲ್ಲದ ಗೆರೆಗಳು: ನಸ್ರೀನ್ ಮೊಹಮದಿ, ಒಂದು ಪ್ರಕರಣ ಅಧ್ಯಯನ

ಭಾರತದ ಅಮೂರ್ತ ಚಿತ್ರಕಲಾವಿದೆ ನಸ್ರೀನ್ ಮೊಹಮದಿ ತಮ್ಮ ಚಿತ್ರಗಳಿಗೆ ಹೆಸರಿಡುತ್ತಿರಲಿಲ್ಲ. ಬಹುಪಾಲು ಚಿತ್ರಗಳ ಮೇಲೆ ತಾರೀಖೂ ಇಲ್ಲ. ತಮ್ಮ ಕಲೆ ಏನು ಹೇಳುತ್ತದೆ ಎಂದು ವಿವರಿಸುವ ಲೇಖನವನ್ನೂ ಬರೆದಿಡಲಿಲ್ಲ. 1990ರಲ್ಲಿ ಅವರು ತೀರಿಕೊಂಡಾಗ ಉಳಿದದ್ದು ಹಾಳೆಗಳು, ಡೈರಿಗಳು, ಯಾವ ಪ್ರದರ್ಶನದಲ್ಲೂ ಇಡದೆ ತಮ್ಮಲ್ಲೇ ಇಟ್ಟುಕೊಂಡಿದ್ದ ಕಪ್ಪು-ಬಿಳುಪು ಫೋಟೋಗಳು. ಅವರ ಮೇಲೆ ಯಾರ ಪ್ರಭಾವ, ಯಾವುದರಿಂದ ಯಾವುದು ಹುಟ್ಟಿತು ಎಂದು ಕೇಳುವವರು ಉತ್ತರವನ್ನು ಇಷ್ಟರಲ್ಲೇ ಹುಡುಕಿಕೊಳ್ಳಬೇಕು.

ಆದರೂ ಉತ್ತರಗಳಿಗೆ ಬರವಿಲ್ಲ. ಒಬ್ಬರು ಅಮೆರಿಕದ ಚಿತ್ರಕಲಾವಿದೆ ಆಗ್ನೆಸ್ ಮಾರ್ಟಿನ್ ಅನ್ನುತ್ತಾರೆ, ಇನ್ನೊಬ್ಬರು ಡಚ್ ಚಿತ್ರಕಾರ ಮಾಂಡ್ರಿಯನ್, ಮತ್ತೊಬ್ಬರು ರಷ್ಯಾದ ಚಿತ್ರಕಾರ ಮಾಲೆವಿಚ್. ಹೆಸರು ನೋಡಿದ ಕೂಡಲೇ ಇಸ್ಲಾಮಿ ಜ್ಯಾಮಿತಿ ಅನ್ನುವವರಿದ್ದಾರೆ. ಅವರಿಗಿದ್ದ ನರದ ಕಾಯಿಲೆಯ ಕಥೆ ಕೇಳಿದವರು ಎಲ್ಲವನ್ನೂ ಆ ಕಾಯಿಲೆಗೇ ತಂದು ನಿಲ್ಲಿಸುತ್ತಾರೆ. ಇವುಗಳಲ್ಲಿ ಯಾವುದು ಎಷ್ಟು ನಿಲ್ಲುತ್ತದೆ ಎಂದು ನೋಡುವುದು ಈ ಬರಹದ ಕೆಲಸ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ನಸ್ರೀನ್ ಅವರನ್ನು ರೂಪಿಸಿದ್ದು ಬೇರೆಯವರ ಚಿತ್ರಗಳಿಗಿಂತ ಹೆಚ್ಚಾಗಿ ಅವರು ದಿನವೂ ಕಣ್ಣಿಟ್ಟು ನೋಡಿದ ನೆಲ, ನೀರು, ರಸ್ತೆ, ಮಗ್ಗದ ನೂಲು. ಆ ನೋಟವನ್ನು ಗೆರೆಯಾಗಿಸಿದ್ದು ಅವರು ಕೈಗೆತ್ತಿಕೊಂಡ ಉಪಕರಣ.

ಉಪಕರಣದ ಮಾತು ಎತ್ತಲು ನನಗೊಂದು ಕಾರಣವಿದೆ. ನಾನು ಸಿವಿಲ್ ಡಿಪ್ಲೊಮಾ ಓದಿದವನು. ಕಂಪ್ಯೂಟರ್ ಬರುವ ಮುಂಚಿನ ಕೆಲವು ವರ್ಷ ಟ್ರೇಸಿಂಗ್ ಶೀಟಿನ ಮೇಲೆ ಮಸಿಯಲ್ಲಿ ನಕ್ಷೆ ಬರೆದು ಹೊಟ್ಟೆ ಹೊರೆದಿದ್ದೇನೆ. 2013ರಲ್ಲಿ ದೆಹಲಿಯ ಸಾಕೇತದಲ್ಲಿರುವ ಕಿರಣ್ ನಾಡಾರ್ ಕಲಾ ಸಂಗ್ರಹಾಲಯದಲ್ಲಿ ನಸ್ರೀನ್ ಅವರ ದೊಡ್ಡ ಪ್ರದರ್ಶನ ನಡೆಯಿತು. ಅದನ್ನು ರೂಪಿಸಿದ ರೂಬಿನಾ ಕರೋಡೆ ಬರೋಡಾದಲ್ಲಿ ನಸ್ರೀನ್ ಅವರ ವಿದ್ಯಾರ್ಥಿನಿಯಾಗಿದ್ದವರು. ನಾನು ಬೇರೆ ಕೆಲಸಕ್ಕೆಂದು ದೆಹಲಿಗೆ ಹೋಗಿದ್ದೆ, ಸಂಜೆ ಬಿಡುವಿತ್ತು, ಒಳಗೆ ಹೋದೆ. ದೂರದಿಂದ ನೋಡಿದಾಗ ಹಾಳೆಯ ಮೇಲೆ ಬೂದು ಬಣ್ಣದ ಮಂಜು ಕವಿದಂತಿತ್ತು. ಹತ್ತಿರ ಹೋದರೆ ಮಂಜು ಕರಗಿ ಗೆರೆಗಳಾಯಿತು. ಇನ್ನೂ ಹತ್ತಿರ ಹೋದರೆ, ಮಸಿಯ ಗೆರೆಗಳ ನಡುವೆ ಪೆನ್ಸಿಲಿನ ಗೆರೆಗಳು. ಪಕ್ಕಪಕ್ಕದ ಎರಡು ಗೆರೆಗಳ ನಡುವಿನ ಜಾಗ ಕಣ್ಣಿಗೆ ಗೊತ್ತಾಗದಷ್ಟು ಸ್ವಲ್ಪಸ್ವಲ್ಪವೇ ಕಿರಿದಾಗುತ್ತಾ ಹೋಗಿ, ಒಂದು ಕಡೆ ಉಸಿರು ಕಟ್ಟಿದಂತೆ ಒತ್ತಿಕೊಂಡು, ಮತ್ತೆ ಬಿಚ್ಚಿಕೊಳ್ಳುತ್ತಿತ್ತು. ಆ ಗೋಡೆಯ ಮುಂದೆ ನಿಂತಾಗ ನನ್ನ ಬಲಗೈ ಬೆರಳುಗಳು ತಾವಾಗಿಯೇ ಪೆನ್ನು ಹಿಡಿದಂತೆ ಮಡಚಿಕೊಂಡವು.

ಬದುಕಿನ ವಿವರ, ಸಿಕ್ಕಷ್ಟು

ನಸ್ರೀನ್ ಹುಟ್ಟಿದ್ದು 1937ರಲ್ಲಿ, ಕರಾಚಿಯಲ್ಲಿ. ತೀರಾ ಚಿಕ್ಕವರಿದ್ದಾಗಲೇ ತಾಯಿ ಹೋದರು. 1944ರಲ್ಲಿ ಕುಟುಂಬ ಮುಂಬೈಗೆ ಬಂತು. ತಂದೆಯ ವ್ಯಾಪಾರ ಬಹ್ರೇನಿನಲ್ಲಿ, ಅದೂ ಕ್ಯಾಮೆರಾ ಮತ್ತು ಛಾಯಾಗ್ರಹಣದ ಸಾಮಾನುಗಳದ್ದು. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ. 1954ರಿಂದ 57ರವರೆಗೆ ಲಂಡನ್ನಿನ ಸೇಂಟ್ ಮಾರ್ಟಿನ್ಸ್ ಕಲಾಶಾಲೆ. 1961ರಿಂದ 63ರವರೆಗೆ ಪ್ಯಾರಿಸ್. ನಡುನಡುವೆ ಬಹ್ರೇನ್, ಮುಂಬೈ. 1970ರಲ್ಲಿ ದೆಹಲಿ. 1972ರಲ್ಲಿ ಬರೋಡಾದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗಕ್ಕೆ ಪಾಠ ಹೇಳಲು ಸೇರಿದರು, ಬದುಕಿನ ಕೊನೆಯ ವರ್ಷಗಳವರೆಗೂ ಆ ಊರಿನವರಾಗಿದ್ದರು.

ಮುಂಬೈಯಲ್ಲಿ ಅವರಿಗೆ ಜಾಗ ಕೊಟ್ಟದ್ದು ಭೂಲಾಭಾಯಿ ದೇಸಾಯಿ ಇನ್‌ಸ್ಟಿಟ್ಯೂಟ್. ಸಮುದ್ರದ ದಡದಲ್ಲಿದ್ದ ಆ ಬಂಗಲೆಯಲ್ಲಿ ಚಿತ್ರಕಾರರು, ನಾಟಕದವರು, ಸಂಗೀತದವರು ಒಂದೇ ಸೂರಿನಡಿ ಕೆಲಸ ಮಾಡುತ್ತಿದ್ದರು. ಸಿತಾರಿನ ರವಿಶಂಕರ್, ನಾಟಕದ ಅಲ್ಕಾಜಿ, ಚಿತ್ರಕಾರ ಹುಸೇನ್ ಎಲ್ಲರೂ ಅಲ್ಲಿ ಓಡಾಡಿದವರೇ. ಅಲ್ಲಿಯೇ ಚಿತ್ರಕಾರ ವಿ.ಎಸ್. ಗಾಯತೊಂಡೆ ಇದ್ದರು, ನಸ್ರೀನ್ ಅವರಿಗಿಂತ ಹದಿಮೂರು ವರ್ಷ ದೊಡ್ಡವರು. ಇವರಿಬ್ಬರ ನಂಟನ್ನು ಕಲಾ ಚರಿತ್ರೆ ಗುರು-ಶಿಷ್ಯರ ನಂಟಿನಂತೆಯೇ ನೋಡುತ್ತದೆ. ಗಾಯತೊಂಡೆ ತಮ್ಮ ಚಿತ್ರಗಳನ್ನು ಅಮೂರ್ತ ಎಂದು ಕರೆಯುವುದನ್ನು ಒಪ್ಪುತ್ತಿರಲಿಲ್ಲ, ವಸ್ತುವೇ ಇಲ್ಲದ ಚಿತ್ರಗಳು ಅನ್ನುತ್ತಿದ್ದರು. ರೋಲರ್, ಪ್ಯಾಲೆಟ್ ನೈಫ್ ಹಿಡಿದು ಬಣ್ಣವನ್ನು ಹಾಕಿ, ತೆಗೆದು, ಮತ್ತೆ ಹಾಕುವ ನಿಧಾನದ ಕೆಲಸ ಅವರದು. ಗಾಯತೊಂಡೆ ಅವರಿಂದ ನಸ್ರೀನ್ ಪಡೆದದ್ದೇನು ಎಂದು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಶೈಲಿ ಅಂತ ಹೇಳಲು ಹೆಚ್ಚೇನೂ ಸಿಗುವುದಿಲ್ಲ. ಪಡೆದದ್ದು ನಡತೆ: ಕಡಿಮೆ ಮಾಡುವುದು, ಯಾರೂ ಕೇಳದಿದ್ದರೂ ಮಾಡುವುದು, ವಿವರಣೆ ಕೊಡದಿರುವುದು.

ಅರವತ್ತರ ದಶಕದ ಅವರ ಚಿತ್ರಗಳಲ್ಲಿ ಇನ್ನೂ ಕುಂಚವಿದೆ. ಮಸಿ ನೀರಿನಲ್ಲಿ ಹರಡಿದೆ, ಎಲ್ಲೋ ಕೊಂಬೆ, ಎಲ್ಲೋ ಬೇರು, ಎಲ್ಲೋ ದಡ ಅನ್ನಿಸುವ ಕಲೆಗಳಿವೆ. ಎಪ್ಪತ್ತರ ಸುಮಾರಿಗೆ ಬಣ್ಣ ಮತ್ತು ಕ್ಯಾನ್ವಾಸ್ ಎರಡನ್ನೂ ಬಿಟ್ಟರು. ಉಳಿದದ್ದು ಕಾಗದ, ಮಸಿ, ಪೆನ್ಸಿಲ್, ನಕ್ಷೆ ಬರೆಯುವವರ ಉಪಕರಣಗಳು. ಮೊದಲು ಅಡ್ಡ-ಉದ್ದ ಗೆರೆಗಳ ಜಾಲ, ಆಮೇಲೆ ಓರೆ ಗೆರೆಗಳು, ಎಂಬತ್ತರ ದಶಕದಲ್ಲಿ ಖಾಲಿ ಹಾಳೆಯ ನಡುವೆ ತೇಲುವ ಒಂದು ಕೋನ, ಒಂದು ಕಮಾನು, ಒಂದು ವೃತ್ತ. ತಾರೀಖಿಲ್ಲದ ಹಾಳೆಗಳನ್ನು ಹೀಗೆ ದಶಕಗಳಾಗಿ ಜೋಡಿಸಿದ್ದು ನಂತರದವರು. ಕೈಯ ರೀತಿ ನೋಡಿ, ಯಾರ ಮನೆಗೆ ಯಾವಾಗ ಬಂತು ಎಂಬ ನೆನಪು ಕೇಳಿ ಜೋಡಿಸಿದ ಕ್ರಮ ಇದು. ಹಾಗಾಗಿ ಪ್ರತಿ ಹಾಳೆಯ ಮುಂದೆ ಬರೆದಿರುವ 'ಸುಮಾರು' ಎಂಬ ಪದವನ್ನು ನಾವು ಗಂಭೀರವಾಗಿಯೇ ತೆಗೆದುಕೊಳ್ಳಬೇಕು.

ಹೊರಗಿನಿಂದ ತಂದ ಹೆಸರುಗಳು

ಆಗ್ನೆಸ್ ಮಾರ್ಟಿನ್ ಅವರ ಹೋಲಿಕೆಯೇ ಎಲ್ಲಕ್ಕಿಂತ ಹೆಚ್ಚು ಚಲಾವಣೆಯಲ್ಲಿದೆ. ಇಬ್ಬರೂ ಹೆಂಗಸರು, ಇಬ್ಬರೂ ಒಂಟಿಯಾಗಿ ಬದುಕಿದವರು, ಇಬ್ಬರೂ ಗೆರೆ ಎಳೆದವರು. ಮೇಲುನೋಟಕ್ಕೆ ಒಪ್ಪಬಹುದು. ಆದರೆ ಮಾರ್ಟಿನ್ ಅವರ ಪೆನ್ಸಿಲ್ ಗೆರೆ ಆರಡಿ ಕ್ಯಾನ್ವಾಸಿನ ನೇಯ್ಗೆಯ ಮೇಲೆ ಸಾಗುವಾಗ ಅಲ್ಲಲ್ಲಿ ತೊಡರುತ್ತದೆ, ಮಸುಕಾಗುತ್ತದೆ. ಆ ತೊಡರನ್ನು ಅವರು ಬೇಕೆಂದೇ ಉಳಿಸಿಕೊಳ್ಳುತ್ತಾರೆ, ಮನುಷ್ಯರ ಕೈ ಕಾಣುವುದು ಅಲ್ಲೇ. ಅವರ ಜಾಲ ಸಮವಾಗಿ ಹರಡಿ, ಹಸನಾದ ಹೊಲದಂತೆ ನಿಶ್ಚಲವಾಗಿರುತ್ತದೆ. ನಸ್ರೀನ್ ಅವರ ಹಾಳೆಯಲ್ಲಿ ನಿಶ್ಚಲತೆ ಸಿಗುವುದಿಲ್ಲ. ಗೆರೆಗಳು ಓಡುತ್ತವೆ, ಒಂದು ಕಡೆ ದಟ್ಟವಾಗಿ ಇನ್ನೊಂದು ಕಡೆ ತೆಳುವಾಗಿ ಹಾಳೆಯಿಂದ ಆಚೆಗೆ ಹೋಗಿಬಿಡುವಂತೆ ಕಾಣುತ್ತವೆ. ಮಾರ್ಟಿನ್ ನಿಂತು ನೋಡುವ ಬಯಲಾದರೆ, ನಸ್ರೀನ್ ರೈಲಿನ ಕಿಟಕಿಯಿಂದ ನೋಡುವ ಬಯಲು.

ಮಾಂಡ್ರಿಯನ್ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. 2014ರಲ್ಲಿ ಟೇಟ್ ಲಿವರ್‌ಪೂಲ್ ಸಂಗ್ರಹಾಲಯವು ಮಾಂಡ್ರಿಯನ್ ಮತ್ತು ನಸ್ರೀನ್ ಪ್ರದರ್ಶನಗಳನ್ನು ಒಂದೇ ಹೊತ್ತಿನಲ್ಲಿ ಏರ್ಪಡಿಸಿತು. ಅಡ್ಡ, ಉದ್ದ ಎರಡೇ ದಿಕ್ಕು ಸಾಕು ಎಂದು ಹಟ ಹಿಡಿದವರು ಮಾಂಡ್ರಿಯನ್. ಚಿತ್ರಕಾರ ಗೆಳೆಯ ವಾನ್ ಡೂಸ್‌ಬರ್ಗ್ ಓರೆ ಗೆರೆಯನ್ನು ತಂದಾಗ ಅವರಿಬ್ಬರ ನಡುವೆ ಬಿರುಕು ಮೂಡಿತು. ನಸ್ರೀನ್ ಅವರ ಪ್ರೌಢ ಚಿತ್ರಗಳಲ್ಲಿ ಎದ್ದು ಕಾಣುವುದು ಆ ಓರೆ ಗೆರೆಯೇ. ಎಂಬತ್ತರ ದಶಕದ ತೇಲುವ ಕೋನಗಳನ್ನು ಕಂಡರೆ ಮಾಂಡ್ರಿಯನ್‌ಗಿಂತ, ಖಾಲಿ ಬಿಳಿಯ ಮೇಲೆ ಆಕಾರಗಳನ್ನು ತೇಲಿಬಿಟ್ಟ ಮಾಲೆವಿಚ್ ಹತ್ತಿರ ಅನ್ನಿಸುತ್ತದೆ. ನಸ್ರೀನ್ ಈ ಇಬ್ಬರ ಬಗ್ಗೆ ಓದಿರಬೇಕು, ಇವರ ಚಿತ್ರಗಳನ್ನು ನೋಡಿರಬೇಕು. ಲಂಡನ್, ಪ್ಯಾರಿಸ್ಸುಗಳಲ್ಲಿ ಕಲಿತವರು ನೋಡದೆ ಹೇಗಿರುತ್ತಾರೆ? ನೋಡಿದ್ದು ಧೈರ್ಯ ಕೊಟ್ಟಿರುತ್ತದೆ. ಆದರೆ ಈ ಗೆರೆ ಇಲ್ಲಿಂದ ಬಂತು ಎಂದು ಬೆರಳಿಟ್ಟು ತೋರಿಸಲು ಅಷ್ಟು ಸಾಲದು.

ಇಸ್ಲಾಮಿ ಜ್ಯಾಮಿತಿಯ ವಾದಕ್ಕೆ ಆಧಾರವಾಗಿ ಅಕ್ಬರ್ ಕಟ್ಟಿಸಿದ ಫತೇಪುರ್ ಸಿಕ್ರಿಯಲ್ಲಿ ಅವರು ತೆಗೆದ ಫೋಟೋಗಳನ್ನು ತೋರಿಸುತ್ತಾರೆ. ಆ ಫೋಟೋಗಳನ್ನೇ ನೋಡಿ. ನನ್ನ ಕಣ್ಣಿಗೆ ಬಿದ್ದವುಗಳಲ್ಲಿ ಇರುವುದು ಚಪ್ಪಡಿ ಹಾಸಿದ ನೆಲ, ಮೆಟ್ಟಿಲಂಚು, ಕಲ್ಲಿನ ಮೇಲೆ ಬಿದ್ದ ನೆರಳಿನ ಕತ್ತರಿ. ಚಂಡೀಗಢದಲ್ಲಿ ವಾಸ್ತುಶಿಲ್ಪಿ ಕಾರ್ಬೂಸಿಯೆ ಕಟ್ಟಿಸಿದ ಕಾಂಕ್ರೀಟನ್ನೂ ಅವರು ಇದೇ ಕಣ್ಣಿನಿಂದ ನೋಡಿದ್ದಾರೆ. ಅಕ್ಬರನ ಅಂಗಳವೂ ಕಾರ್ಬೂಸಿಯೆಯ ಗೋಡೆಯೂ ಅವರಿಗೆ ಬೆಳಕು ಬಂದು ಕುಳಿತ ಜಾಗಗಳು. ಧರ್ಮದ ಹೆಸರಿನ ಚೀಟಿ ಅಂಟಿಸಿದರೆ ಈ ಎರಡನೆಯ ಫೋಟೋವನ್ನು ಎಲ್ಲಿಡುವುದು?

ಫೋಟೋಗಳು ಹೇಳುವುದು

ನನ್ನ ಲೆಕ್ಕದಲ್ಲಿ ಈ ಪ್ರಕರಣದ ಗಟ್ಟಿ ಸಾಕ್ಷಿ ಈ ಫೋಟೋಗಳೇ. ನಸ್ರೀನ್ ಅವುಗಳನ್ನು ಬದುಕಿದ್ದಾಗ ಪ್ರದರ್ಶಿಸಲಿಲ್ಲ. ಅವು ತಮಗಾಗಿ ಮಾಡಿಕೊಂಡ ಟಿಪ್ಪಣಿಗಳಂತಿವೆ. ಬಾಲ್ಯದಿಂದಲೂ ಮನೆಯ ವ್ಯಾಪಾರವೇ ಕ್ಯಾಮೆರಾ ಸಾಮಾನಾಗಿದ್ದ ಹುಡುಗಿಗೆ ಕ್ಯಾಮೆರಾ ದೊಡ್ಡ ವಸ್ತುವಾಗಿರಲಿಲ್ಲ, ಮನೆಯ ಚಮಚದಷ್ಟು ಸಹಜವಾಗಿತ್ತು ಎಂದು ನಾನು ಊಹಿಸುತ್ತೇನೆ.

ಅವುಗಳಲ್ಲಿ ಏನಿದೆ? ಅಲೆ ಹಿಂದೆ ಸರಿದ ಮೇಲೆ ಒದ್ದೆ ಮರಳಿನ ಮೇಲೆ ಉಳಿದ ಅಂಚು. ಮರುಭೂಮಿಯಲ್ಲಿ ಹಾದುಹೋಗುವ ರಸ್ತೆ. ಡಾಂಬರಿನ ಮೇಲೆ ಬಳಿದ ಬಿಳಿ ಪಟ್ಟಿಗಳು. ಮಗ್ಗಕ್ಕೆ ಹೂಡಿದ ಹಾಸು, ಇನ್ನೂ ಹೊಕ್ಕು ಬೀಳದ ನೂಲು. ಈ ಕೊನೆಯದರ ಬಗ್ಗೆ ಎರಡು ಮಾತು ಹೆಚ್ಚಾಗಿ ಹೇಳಬೇಕು. ಮಗ್ಗದ ಮುಂದೆ ಕೂತು ನೋಡಿದವರಿಗೆ ಗೊತ್ತು, ಬಿಗಿದ ಹಾಸಿನ ನೂಲುಗಳು ನಿಮ್ಮ ಹತ್ತಿರ ಬಿಡಿಬಿಡಿಯಾಗಿ ಕಾಣುತ್ತವೆ, ದೂರ ಹೋದಂತೆ ಒತ್ತಿಕೊಂಡು ಒಂದು ಹೊಳೆಯುವ ಹಾಳೆಯಾಗುತ್ತವೆ. ತಲೆ ಸ್ವಲ್ಪ ಆಚೀಚೆ ಮಾಡಿದರೆ ಆ ಹೊಳಪು ನೂಲಿನ ಮೇಲೆ ಅಲೆಯಂತೆ ಸರಿದಾಡುತ್ತದೆ. ಸಾಕೇತದ ಗೋಡೆಯ ಮೇಲೆ ನಾನು ಮಂಜೆಂದು ಭ್ರಮಿಸಿದ್ದು ಇದನ್ನೇ. ಗೆರೆಯ ನಡುವಿನ ಅಂತರ ಸ್ವಲ್ಪಸ್ವಲ್ಪವೇ ಬದಲಾದಾಗ ಕಣ್ಣಿಗೆ ಅಲ್ಲಿ ಬೆಳಕು ಓಡಾಡಿದಂತೆ ಕಾಣುತ್ತದೆ, ಹಾಳೆಯ ಮೇಲೆ ಕಪ್ಪು ಮಸಿ ಬಿಟ್ಟರೆ ಬೇರೇನೂ ಇಲ್ಲದಿದ್ದರೂ.

ಫೋಟೋ ನೋಡಿ ಚಿತ್ರ ಬರೆದರು ಎಂದು ಇದರ ಅರ್ಥವಲ್ಲ. ಯಾವ ಹಾಳೆಯನ್ನೂ ಯಾವ ಫೋಟೋಕ್ಕೂ ನೇರ ತಾಳೆ ಹಾಕಲು ಬರುವುದಿಲ್ಲ, ತಾರೀಖೂ ಇಲ್ಲ. ಆದರೆ ಯಾವುದನ್ನು ನೋಡಲು ಈ ಕಣ್ಣು ಮತ್ತೆಮತ್ತೆ ನಿಲ್ಲುತ್ತಿತ್ತು ಎನ್ನುವುದನ್ನು ಫೋಟೋ ಹೇಳುತ್ತದೆ. ಎರಡು ವಸ್ತುಗಳು ಸೇರುವ ಅಂಚು, ದೂರಕ್ಕೆ ಹೋಗುತ್ತಾ ಒಂದಾಗುವ ಸಾಲು, ಖಾಲಿ. ಯಾರ ಚಿತ್ರವನ್ನೂ ಕಾಣದೆ ಬೆಳೆದಿದ್ದರೂ ಈ ಕಣ್ಣು ಇಲ್ಲಿಗೇ ಬರುತ್ತಿತ್ತೇನೋ.

ಗೆರೆ ಎಳೆಯುವ ಕೆಲಸ

ಈಗ ನನ್ನ ಹಳೆಯ ಕಸುಬಿಗೆ ಬರುತ್ತೇನೆ. ಮಸಿಯಲ್ಲಿ ನೇರ ಗೆರೆ ಎಳೆಯುವುದೆಂದರೆ ಪೆನ್ನನ್ನು ಸೆಟ್‌ಸ್ಕ್ವೇರಿಗೆ ಒರಗಿಸಿ ಎಳೆದುಬಿಡುವುದು ಎಂದು ಹೊರಗಿನವರಿಗೆ ಅನ್ನಿಸುತ್ತದೆ. ಹಾಗೆ ಎಳೆದರೆ ಮಸಿ ಅಂಚಿನಡಿಗೆ ನುಗ್ಗಿ ಹಾಳೆ ಹಾಳಾಗುತ್ತದೆ. ಅದಕ್ಕೇ ನಾವು ಸೆಟ್‌ಸ್ಕ್ವೇರಿನ ಅಡಿಗೆ ಹಳೆಯ ನಾಣ್ಯ ಅಂಟಿಸಿ ಅಂಚನ್ನು ಕಾಗದದಿಂದ ಮೇಲೆತ್ತಿ ಇಡುತ್ತಿದ್ದೆವು. ಪೆನ್ನು ನೆಟ್ಟಗಿರಬೇಕು. ವೇಗ ಮೊದಲಿನಿಂದ ಕೊನೆಯವರೆಗೆ ಒಂದೇ ಇರಬೇಕು, ನಿಧಾನವಾದ ಕಡೆ ಗೆರೆ ದಪ್ಪವಾಗುತ್ತದೆ. ಗೆರೆ ಮುಗಿಯುವ ಜಾಗದಲ್ಲಿ ಪೆನ್ನೆತ್ತಲು ಒಂದು ಚಿಟಿಕೆ ತಡವಾದರೂ ಅಲ್ಲೊಂದು ಗುಂಡು ಹನಿ ನಿಲ್ಲುತ್ತದೆ. ಟ್ರೇಸಿಂಗ್ ಶೀಟಾದರೆ ಬ್ಲೇಡಿನಿಂದ ಕೆರೆದು ತಿದ್ದಬಹುದು. ಸಾಮಾನ್ಯ ಕಾಗದವಾದರೆ ಮೇಲ್ಪದರ ಎದ್ದು ಬರುತ್ತದೆ, ಮುನ್ನೂರನೆಯ ಗೆರೆಯಲ್ಲಿ ತಪ್ಪಿದರೆ ಹಿಂದಿನ ಇನ್ನೂರ ತೊಂಬತ್ತೊಂಬತ್ತೂ ಹೋದಂತೆ.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಎಳೆದ ಗೆರೆ ಒಣಗುವವರೆಗೆ ಪಕ್ಕದ ಗೆರೆಯನ್ನು ಎಳೆಯಲು ಬರುವುದಿಲ್ಲ, ಸೆಟ್‌ಸ್ಕ್ವೇರ್ ಸರಿಸಿದರೆ ಹಸಿ ಮಸಿ ಒರೆಸಿಕೊಂಡು ಹೋಗುತ್ತದೆ. ಒಂದೊಂದು ಗೆರೆಗೂ ಕಾಯಬೇಕು. ನಕ್ಷೆ ಬರೆಯುವವರು ಆ ಹೊತ್ತಿನಲ್ಲಿ ಹಾಳೆಯ ಬೇರೆ ಮೂಲೆಗೆ ಹೋಗುತ್ತಾರೆ. ಒಂದಕ್ಕೊಂದು ಅಂಟಿಕೊಂಡು ಸಾಗುವ ಗೆರೆಗಳನ್ನೇ ಎಳೆಯುತ್ತಿದ್ದ ನಸ್ರೀನ್ ಕಾಯುವುದಲ್ಲದೆ ಬೇರೇನು ಮಾಡಿಯಾರು? 2015ರಲ್ಲಿ ಮ್ಯಾಡ್ರಿಡ್‌ನ ರೈನಾ ಸೋಫಿಯಾ ಸಂಗ್ರಹಾಲಯ ಅವರ ಪ್ರದರ್ಶನ ನಡೆಸಿದಾಗ ಅದಕ್ಕಿಟ್ಟ ಹೆಸರು ಅವರ ಡೈರಿಯಿಂದಲೇ ತೆಗೆದದ್ದು. ಕಾಯುವುದೂ ತೀವ್ರವಾಗಿ ಬದುಕುವುದರ ಒಂದು ಭಾಗ ಎಂಬುದು ಆ ಮಾತಿನ ಅರ್ಥ. ವಿಮರ್ಶಕರು ಇದನ್ನು ಅಧ್ಯಾತ್ಮದ ಮಾತಾಗಿ ಓದುತ್ತಾರೆ. ಇರಲಿ. ನನಗೆ ಅದರಲ್ಲಿ ಮಸಿ ಒಣಗುವುದನ್ನು ನೋಡುತ್ತಾ ಕೂತ ಒಬ್ಬ ಹೆಂಗಸು ಕಾಣುತ್ತಾರೆ.

ನಕ್ಷೆಯಲ್ಲಿ ನಾವು ಅಂತರ ಸಮವಾಗಿಡುತ್ತೇವೆ, ಸ್ಕೇಲು ಹೇಳಿದಂತೆ ಕೈ ಕೇಳುತ್ತದೆ. ಅಂತರ ಗೆರೆಯಿಂದ ಗೆರೆಗೆ ಬದಲಾಗಬೇಕೆಂದರೆ ಯಾವ ಸ್ಕೇಲೂ ಸಹಾಯಕ್ಕೆ ಬರುವುದಿಲ್ಲ, ಪ್ರತಿ ಸಲವೂ ಎಷ್ಟು ಎಂದು ನೋಡಿ ನಿರ್ಧರಿಸಬೇಕು. ಯಂತ್ರ ಬರೆದಂತಿದೆ ಎಂದು ಈ ಹಾಳೆಗಳನ್ನು ನೋಡಿ ಹೇಳುವವರಿಗೆ ನಾನು ಹೇಳುವುದು ಇದನ್ನೇ. ಇಲ್ಲಿ ಒಂದು ಗೆರೆಯೂ ಹಿಂದಿನ ಗೆರೆಯ ನಕಲಲ್ಲ. ನೇರವಾಗಿರುವುದಷ್ಟೇ ಉಪಕರಣದ ಕೊಡುಗೆ, ಉಳಿದದ್ದೆಲ್ಲ ಅವರ ತೀರ್ಮಾನ.

ಬರೋಡಾದ ಅವರ ಮನೆ ಬಹುತೇಕ ಖಾಲಿಯಾಗಿತ್ತೆಂದು ಕಂಡವರು ನೆನೆಯುತ್ತಾರೆ. ನೆಲದ ಮೇಲೆ ಕೂತು ಗಿಡ್ಡ ಡ್ರಾಯಿಂಗ್ ಬೋರ್ಡಿನ ಮೇಲೆ ಬಾಗಿ ಕೆಲಸ ಮಾಡುತ್ತಿದ್ದರು. ಅದೇ ಬರೋಡಾದಲ್ಲಿ ಆ ಹೊತ್ತಿಗೆ ಚಿತ್ರಕಲೆ ಬೇರೆ ದಾರಿ ಹಿಡಿದಿತ್ತು. ಗುಲಾಂ ಮೊಹಮ್ಮದ್ ಶೇಖ್, ಭೂಪೇನ್ ಖಖ್ಖರ್ ಮುಂತಾದವರು ಮನುಷ್ಯರನ್ನು, ಬೀದಿಯನ್ನು, ಕಥೆಯನ್ನು ಚಿತ್ರಕ್ಕೆ ಮರಳಿ ತರುತ್ತಿದ್ದರು, 1981ರ 'ಪ್ಲೇಸ್ ಫಾರ್ ಪೀಪಲ್' ಪ್ರದರ್ಶನ ಅದನ್ನು ಎಲ್ಲರೂ ನೋಡುವಂತೆ ಮಾಡಿತು. ಸುತ್ತಲೂ ಜನ, ಬಣ್ಣ, ಕಥೆ ತುಂಬಿದ್ದ ಊರಿನಲ್ಲಿ ಒಬ್ಬರು ಬಿಳಿ ಹಾಳೆಯ ಮೇಲೆ ಗೆರೆ ಎಳೆಯುತ್ತಾ ಉಳಿದರು. ಹೊರಗಿನ ಪ್ರಭಾವವನ್ನು ತೂಗುವಾಗ ಈ ಸಂಗತಿಗೂ ತೂಕ ಕೊಡಬೇಕು. ಮಗ್ಗುಲಲ್ಲೇ ಇದ್ದ ಗೆಳೆಯರ ದಾರಿಯೂ ಅವರ ಕೈಯನ್ನು ತಿರುಗಿಸಲಿಲ್ಲ.

ಕಾಯಿಲೆಯ ವಾದ

ನಸ್ರೀನ್ ಅವರಿಗೆ ನರದ ಕಾಯಿಲೆಯಿತ್ತು. ದೇಹದ ಚಲನೆಯ ಮೇಲಿನ ಹಿಡಿತವನ್ನು ನಿಧಾನವಾಗಿ ಕಸಿಯುವಂಥ ಕಾಯಿಲೆ. ಕೊನೆಯ ವರ್ಷಗಳಲ್ಲಿ ನಡಿಗೆ ತಪ್ಪುತ್ತಿತ್ತು, ಕೈ ಮಾತು ಕೇಳುತ್ತಿರಲಿಲ್ಲ. ಆದರೆ ಬೋರ್ಡಿನ ಮುಂದೆ ಕೂತರೆ ಗೆರೆ ಅಲುಗುತ್ತಿರಲಿಲ್ಲ. ಹತ್ತಿರದವರ ನೆನಪುಗಳೆಲ್ಲ ಹೇಳುವುದು ಇದನ್ನೇ, ಕೊನೆಯ ಹಾಳೆಗಳೂ ಇದನ್ನು ಸುಳ್ಳು ಮಾಡುವುದಿಲ್ಲ.

ಇದರಿಂದ ಒಂದು ಕಥೆ ಕಟ್ಟುವುದು ಬಹಳ ಸುಲಭ: ನಡುಗುವ ಕೈಗೆ ಉತ್ತರವಾಗಿ ನೇರ ಗೆರೆ ಹುಟ್ಟಿತು. ಈ ಕಥೆಯನ್ನು ನಾನು ಒಪ್ಪುವುದಿಲ್ಲ. ಗೆರೆಗೆ ಅವರು ಬಂದದ್ದು ಎಪ್ಪತ್ತರ ಸುಮಾರಿಗೆ, ಕಾಯಿಲೆ ಕೈಯನ್ನು ಕಾಡುವುದಕ್ಕೆ ಎಷ್ಟೋ ಮೊದಲು. ಕಾಯಿಲೆ ಗೆರೆಯನ್ನು ಹುಟ್ಟಿಸಲಿಲ್ಲ, ಇದ್ದ ಗೆರೆಯನ್ನು ದುಬಾರಿ ಮಾಡಿತು. ಎಂಬತ್ತರ ದಶಕದ ಹಾಳೆಗಳಲ್ಲಿ ಗೆರೆಗಳ ಸಂಖ್ಯೆ ಕಡಿಮೆಯಾದದ್ದು ಶಕ್ತಿ ಕುಂದಿದ್ದರಿಂದಲೋ, ಅಷ್ಟೇ ಸಾಕೆಂದು ಗೊತ್ತಾದದ್ದರಿಂದಲೋ? ಹಾಳೆಗಳನ್ನು ನೋಡಿದರೆ ಎರಡನೆಯದೇ ಹೆಚ್ಚು ಸರಿ ಅನ್ನಿಸುತ್ತದೆ. ಮೊದಲ ಜಾಲಗಳಲ್ಲಿ ಹಾಳೆ ತುಂಬಿತ್ತು, ನಂತರ ಓರೆಯಾಯಿತು, ನಂತರ ಬಯಲಾಯಿತು. ಬಿಡುತ್ತಾ ಬಂದ ದಾರಿ ಇದು, ಬಣ್ಣ ಬಿಟ್ಟ ದಿನದಿಂದಲೇ ಶುರುವಾದದ್ದು. ಕಾಯಿಲೆಯನ್ನೇ ಮುಖ್ಯ ಮಾಡಿದರೆ ಇಪ್ಪತ್ತು ವರ್ಷಗಳ ಈ ಯೋಚನೆಯನ್ನು ನಾವು ಅವರಿಂದ ಕಿತ್ತುಕೊಂಡಂತಾಗುತ್ತದೆ.

ಡೈರಿಗಳು ಈ ವಿಷಯದಲ್ಲಿ ವಿಚಿತ್ರ ಸಾಕ್ಷಿ. ಅಲ್ಲಿ ದುಃಖವಿದೆ, ಒಂಟಿತನವಿದೆ, ತಮಗೆ ತಾವೇ ಹೇಳಿಕೊಂಡ ಎಚ್ಚರಿಕೆಗಳಿವೆ. ಆದರೆ ಎಷ್ಟೋ ಪುಟಗಳಲ್ಲಿ ಬರೆದ ಸಾಲುಗಳ ಮೇಲೆ ಅವರೇ ಮಸಿಯ ಪಟ್ಟಿಗಳನ್ನು ಎಳೆದು ಮುಚ್ಚಿದ್ದಾರೆ, ಅಲ್ಲೊಂದು ಇಲ್ಲೊಂದು ಪದ ಬಿಟ್ಟು. ಮುಚ್ಚಿದ ಪುಟವೇ ಒಂದು ಚಿತ್ರದಂತೆ ಕಾಣುತ್ತದೆ. ಬದುಕನ್ನು ಓದಿ ಚಿತ್ರವನ್ನು ಅರ್ಥ ಮಾಡಿಕೊಳ್ಳಲು ಹೋದವರಿಗೆ ಅಲ್ಲಿಯೂ ಸಿಗುವುದು ಗೆರೆಯೇ.

1990ರ ಮೇ ತಿಂಗಳಲ್ಲಿ, ಅಲಿಬಾಗಿನ ಹತ್ತಿರ ಸಮುದ್ರದ ದಡದ ಕಿಹೀಮ್ ಊರಿನಲ್ಲಿ, ನಸ್ರೀನ್ ತೀರಿಕೊಂಡರು. ಐವತ್ತು ದಾಟಿ ಹೆಚ್ಚು ವರ್ಷವಾಗಿರಲಿಲ್ಲ. ಬದುಕಿದ್ದಾಗ ಅವರ ಕೆಲಸ ಗೊತ್ತಿದ್ದದ್ದು ಸ್ನೇಹಿತರಿಗೆ, ವಿದ್ಯಾರ್ಥಿಗಳಿಗೆ, ಕೆಲವೇ ಕಲಾಸಕ್ತರಿಗೆ. 2007ರಲ್ಲಿ ಜರ್ಮನಿಯ ಡಾಕ್ಯುಮೆಂಟಾ ಎಂಬ ದೊಡ್ಡ ಕಲಾ ಪ್ರದರ್ಶನ ಅವರ ಹಾಳೆಗಳನ್ನು ತೋರಿಸಿತು. 2016ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯ ತನ್ನ ಹೊಸ ಶಾಖೆ ಮೆಟ್ ಬ್ರಾಯರ್ ತೆರೆದಾಗ, ಬಾಗಿಲು ತೆಗೆದ ದಿನದ ಪ್ರದರ್ಶನಗಳಲ್ಲಿ ಒಂದು ನಸ್ರೀನ್ ಅವರದು, 130ಕ್ಕೂ ಹೆಚ್ಚು ಕೃತಿಗಳೊಂದಿಗೆ. ಫೋಟೋಗಳೂ ಡೈರಿಯ ಪುಟಗಳೂ ಅಲ್ಲಿದ್ದವು. ತಾವೇ ತೋರಿಸದಿದ್ದನ್ನು ನಾವು ತೋರಿಸಬಹುದೇ ಎಂಬ ಪ್ರಶ್ನೆ ನನ್ನನ್ನು ಈಗಲೂ ಬಿಟ್ಟಿಲ್ಲ. ಅವಿಲ್ಲದಿದ್ದರೆ ಈ ಬರಹದ ಅರ್ಧ ಭಾಗವನ್ನು ನಾನು ಬರೆಯಲಾಗುತ್ತಿರಲಿಲ್ಲ ಎನ್ನುವುದೂ ನಿಜ.

ದೆಹಲಿಯಿಂದ ಬಂದ ಮೇಲೆ ಅಟ್ಟದಿಂದ ಹಳೆಯ ಡ್ರಾಯಿಂಗ್ ಬೋರ್ಡ್ ಇಳಿಸಿದೆ. ಅಂತರವನ್ನು ಗೆರೆಯಿಂದ ಗೆರೆಗೆ ಸ್ವಲ್ಪವೇ ಕಿರಿದು ಮಾಡುತ್ತಾ ಹೋಗುವುದು ಎಂದು ಕೂತೆ. ಸ್ಕೇಲು ಇಟ್ಟು ಗುರುತು ಹಾಕಿಕೊಳ್ಳದೆ, ಬರೀ ಕಣ್ಣಂದಾಜಿನಲ್ಲಿ. ನಲವತ್ತನೆಯ ಗೆರೆಯ ಹೊತ್ತಿಗೆ ಮಸಿ ಒಣಗುವ ಮುಂಚೆಯೇ ಸೆಟ್‌ಸ್ಕ್ವೇರ್ ಸರಿಸಿದ್ದೆ. ಆ ಹಾಳೆ ಇನ್ನೂ ಇದೆ, ಮೂವತ್ತೊಂಬತ್ತು ಗೆರೆ ಮತ್ತು ಒಂದು ಕಲೆ.